ಹಿಂದೆ ಕೂತವರ ತೂಕ

ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನನ್ನ ತಲೆಗೆ ಮೊದಲು ಬಂದದ್ದು ದುಃಖವಲ್ಲ, ಚಿಂತೆ. ಅವರನ್ನು ಯಾವ ಗಾಡಿಯಲ್ಲಿ ಊರಿಗೆ ಒಯ್ದರೋ, ಹಿಂದೆ ಎಷ್ಟು ಮಂದಿ ಹತ್ತಿ ಕೂತರೋ, ಭಾರ ಹಂಚುವಾಗ ಯಾರಾದರೂ ಲಕ್ಷ್ಯ ಕೊಟ್ಟರೋ ಇಲ್ಲವೋ. ಹೆಂಡತಿಗೆ ಹೇಳಿದರೆ, "ಸತ್ತವರಿಗೂ ನಿಮ್ಮ ಫಿಕರ್ ಬಿಡಂಗಿಲ್ಲಲ್ರಿ" ಎಂದಳು. ಅವಳ ಮಾತು ಸುಳ್ಳಲ್ಲ. ನಾನು ವಿಮಾ ಕಚೇರಿಯಲ್ಲಿ ಕೂದಲು ಉದುರಿಸಿಕೊಂಡವನು. ಆಗದೇ ಇರುವ ಅಪಘಾತಗಳನ್ನು ಊಹಿಸಿ ಊಹಿಸಿ ಸಂಬಳ ತಿಂದವನು. ಮಲಗುವ ಮುಂಚೆ ಗ್ಯಾಸಿನ ಕೀಲಿ ತಿರುವಿ ನೋಡಿ, ತಿರುವಿದ್ದು ಸರಿಯೇ ಎಂದು ಮತ್ತೆ ಎದ್ದು ಹೋಗಿ ನೋಡುವ ಜಾತಿ. ಆದರೆ ಭಾರದ ಬಗ್ಗೆ ಚಿಂತೆ ಮಾಡುವುದನ್ನು ನನಗೆ ಕಲಿಸಿದವರು ಅಕ್ಕೋರೇ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತೇವೆ. ಅವರು ಜಹೀರಾಬಾದಿನ ಕನ್ನಡ ಶಾಲೆಯಲ್ಲಿ ದೊಡ್ಡ ಅಕ್ಕೋರಾಗಿದ್ದರು. ನಮ್ಮ ಓಣಿಯ ಕೊನೆಯ ಮನೆ ಅವರದು. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎತ್ತರದ ಮೈಕಟ್ಟು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಬೆರಳಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುವ ಅಭ್ಯಾಸ. ಯಾರೋ ಕರೆದಂತೆ ಅಲ್ಲ. ಯಾರೋ ಬರುತ್ತಿದ್ದಾರೆ, ಉಳಿದುಬಿಟ್ಟಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಳ್ಳುವಂತೆ.

ಪ್ರತ್ಯೇಕ ತೆಲಂಗಾಣದ ಚಳವಳಿ ಜೋರಾಗಿದ್ದ ವರ್ಷಗಳು. ಒಂದು ದಿನ ಬಂದ್, ಇನ್ನೊಂದು ದಿನ ರಸ್ತಾ ರೋಕೋ. ಹೈದರಾಬಾದಿನಲ್ಲಿ ಗುತ್ತಿಗೆದಾರನಾಗಿದ್ದ ಅವರ ತಮ್ಮ ಆಗಷ್ಟೇ ಒಂದು ದೊಡ್ಡ ವಿದೇಶಿ ಗಾಡಿ ಕೊಂಡಿದ್ದ. ಕರ್ರಗೆ, ಎಣ್ಣೆ ಹಚ್ಚಿದ ಕೋಣದ ಹಾಗೆ ಮಿರಮಿರ ಮಿಂಚುವ ಗಾಡಿ. ಅಂಥದ್ದನ್ನು ಬಂದ್ ದಿನಗಳಲ್ಲಿ ಓಡಿಸಿದರೆ ಕಲ್ಲು ಬೀಳುತ್ತವೆಂದು ಹೆದರಿ ಅಕ್ಕನ ಅಂಗಳದಲ್ಲಿ ತಂದು ನಿಲ್ಲಿಸಿ, ಮೇಲೆ ತಾಡಪತ್ರಿ ಹೊದಿಸಿ, "ರಾಜ್ಯ ಬಂದ ಮ್ಯಾಲೆ ಒಯ್ತೀನಿ" ಎಂದು ಹೋದ. ಬಂಗಾರ ಹೂತಿಡುವುದನ್ನು ಕೇಳಿದ್ದೆ, ಗಾಡಿ ಹೂತಿಡುವುದನ್ನು ಅಲ್ಲೇ ಕಂಡದ್ದು.

ಅಕ್ಕೋರಿಗೆ ಗಾಡಿ ಓಡಿಸುವುದು ಹೊಸದಲ್ಲ. ಗಂಡನ ಜೀಪಿನಲ್ಲಿ ಕಲಿತವರು. ತಾಡಪತ್ರಿ ತೆಗೆದು, ಒಳಗಿದ್ದ ಕಂಪನಿಯ ಪುಸ್ತಕವನ್ನು ಪರೀಕ್ಷೆಗೆ ಓದುವವರಂತೆ ಓದಿದರು. ಬೇರೆಯವರಾದರೆ ಎಸಿ, ಹಾಡು, ಸೀಟಿನ ಮಸಾಜು ನೋಡುತ್ತಿದ್ದರು. ಅಕ್ಕೋರು ನೇರ ಹೋದದ್ದು ಗಾಡಿಯ ಹಿಂಭಾಗಕ್ಕೆ, ಟ್ರಾಲಿ ಸಿಕ್ಕಿಸುವ ಹುಕ್ಕಿಗೆ. ಅದರ ತುದಿಯ ಉಕ್ಕಿನ ಗುಂಡನ್ನು ಸೆರಗಿನಿಂದ ಒರೆಸುತ್ತಾ ನನ್ನನ್ನು ಕರೆದರು.

"ವಿಮಾ ಸಾಹೇಬ್ರ, ಬರ್ರಿಲ್ಲಿ. ಈ ಗಾಡಿ ಎಷ್ಟು ಎಳೀತದ ಹೇಳ್ರಿ."

"ಆನಿ ಕಟ್ಟಿದ್ರೂ ಎಳೀತದ ಅಕ್ಕೋರೆ," ಎಂದೆ, ಗಾಡಿಯ ಎದೆ ನೋಡಿ.

"ಎಲ್ಲಾರೂ ಹಿಂಗ ಅಂತಾರ. ಅಂದವರು ಎಲ್ಲಾರೂ ಮಣ್ಣಾಗ್ಯಾರ." ಅವರು ನಗಲಿಲ್ಲ. "ಇಂಜಿನ್ ಎಳಿಯೋ ತಾಕತ್ತು ಬ್ಯಾರೆ. ಹುಕ್ ತಡಿಯೋ ತಾಕತ್ತು ಬ್ಯಾರೆ. ಟ್ರಾಲಿ ಮೂಗು ಈ ಗುಂಡಿನ ಮ್ಯಾಲೆ ಕೂಡತದಲ್ಲ, ಆ ಭಾರ ಬ್ಯಾರೆ. ಮೂರರಾಗ ಯಾವುದು ಎಲ್ಲಕ್ಕಿಂತ ಸಣ್ಣದೋ, ಅದಾ ನಿಮ್ಮ ತಾಕತ್ತು. ಉಳಿದದ್ದು ಸೊಕ್ಕು."

ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, "ಒಳಗ ಕೂತವರ ತೂಕಾನೂ ಅದರಾಗ ಕಳೀಬೇಕು ಮತ್ತ. ನಿಮ್ಮಂಥವರು ನಾಕ ಮಂದಿ ಕೂತರ ಟ್ರಾಲಿ ಮನಿಯಾಗ ಬಿಟ್ಟು ಹೋಗೋದು" ಎಂದರು.

ಪಡಸಾಲೆಯಲ್ಲಿ ಜೋಳದ ಚೀಲ ತೂಗುವ ಒಂದು ಕಾಟಾ ಇಟ್ಟುಕೊಂಡಿದ್ದರು. ಬಂದವರನ್ನು ಚಹಾಕ್ಕೆ ಮುಂಚೆ ಅದರ ಮೇಲೆ ನಿಲ್ಲಿಸುತ್ತಿದ್ದರು. ನನ್ನ ತೂಕ ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು, ಅದನ್ನು ನನ್ನ ಹೆಂಡತಿಗೆ ಅವರೇ ಮುಟ್ಟಿಸುತ್ತಿದ್ದರು.

ಒಂದು ಮಧ್ಯಾಹ್ನ ಚಳವಳಿಯ ಹುಡುಗರು ಗುಂಪಾಗಿ ಬಂದರು. ಗಾಡಿಗೆ ಟ್ರಾಲಿ ಕಟ್ಟಿ, ಟ್ರಾಲಿಯ ಮೇಲೆ ವೇದಿಕೆ ಕಟ್ಟಿ, ಅದರ ಮೇಲೆ ನಿಂತು ಊರೆಲ್ಲ ಘೋಷಣೆ ಕೂಗಬೇಕೆಂಬ ಯೋಜನೆ. ಅರ್ಧಕ್ಕರ್ಧ ಅವರ ಹಳೆಯ ವಿದ್ಯಾರ್ಥಿಗಳು. ಮುಂದಾಳು ಎದೆಯುಬ್ಬಿಸಿ, "ಅಕ್ಕೋರೆ, ತೆಲಂಗಾಣದ ಸಲುವಾಗಿ ಕೇಳಾಕ ಬಂದೀವಿ" ಎಂದ.

"ಹಿಂದ ಎಷ್ಟು ಮಂದಿ ನಿಲ್ತೀರಿ?"

"ಹಿಡಿದಷ್ಟು ಮಂದಿ!"

"ತೆಲಂಗಾಣ ಬರ್ತದಪಾ. ನೋಡಾಕ ನೀವು ಇರಬೇಕಲ್ಲ. ಸಾಲಾಗಿ ನಿಂದರ್ರಿ, ಒಬ್ಬೊಬ್ಬರ ಕಾಟಾ ಮ್ಯಾಲೆ ಏರ್ರಿ."

ರಾಜ್ಯವನ್ನೇ ಒಡೆಯಲು ಹೊರಟವರು ಸಾಲಾಗಿ ನಿಂತು ತೂಕ ಹಾಕಿಸಿಕೊಂಡು, ಬೆಲ್ಲದ ಚಹಾ ಕುಡಿದು, ಕಾಲ್ನಡಿಗೆಯಲ್ಲೇ ಘೋಷಣೆ ಕೂಗುತ್ತಾ ಹೋದರು. ನನಗೆ ನಗು. ಅಕ್ಕೋರು ಮಾತ್ರ ಖಾಲಿ ಓಣಿಯನ್ನು ನೋಡುತ್ತಾ, "ಹಿಂದ ಕೂತವರ ಮುಖ ಕಾಣಂಗಿಲ್ಲ ನೋಡ್ರಿ. ತೂಕ ಅಷ್ಟಾ ಗೊತ್ತಾಗತದ" ಎಂದರು.

ಇನ್ನೊಂದು ಅಭ್ಯಾಸವಿತ್ತು. ಸಂಜೆ ಶಾಲೆಯಿಂದ ಬಂದವರು ಆ ಗಾಡಿಯೊಳಗೆ ಹೋಗಿ ಕೂರುತ್ತಿದ್ದರು. ಇಂಜಿನ್ ಬಂದ್, ಬಾಗಿಲು ಬಂದ್. ಒಳಗಿನ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಾ ಸುಮ್ಮನೆ ಕೂರುವುದು. ಹಿಂದೆ ಇದ್ದದ್ದು ಬೇವಿನ ಮರ, ಬಚ್ಚಲ ಗೋಡೆ ಅಷ್ಟೇ. ಒಮ್ಮೆ ನಾನು ಹೋಗಿ ಗಾಜು ಬಡಿದಾಗ ಅವರ ತುಟಿ ಅಲುಗಾಡುತ್ತಿತ್ತು. ಗಾಜು ಇಳಿಸಿ ಶಾಂತವಾಗಿ, "ಬಂದೆ, ಮಾತು ಮುಗೀಲಿ" ಎಂದರು. ಯಾರೊಡನೆ ಎಂದು ಕೇಳುವ ಧೈರ್ಯ ನನ್ನ ಅಜ್ಜನಿಗೂ ಇರಲಿಲ್ಲ, ನನಗೆಲ್ಲಿಂದ ಬರಬೇಕು?

ಅವರ ಗಂಡ ಸತ್ತ ಬಗೆ ಓಣಿಗೆಲ್ಲ ಗೊತ್ತಿತ್ತು, ಆದರೆ ಮೇಲು ಮೇಲಕ್ಕೆ. ಗಂಡನ ಊರು ನಾರಾಯಣಖೇಡದ ಹತ್ತಿರ. ಮಾವ ತೀರಿದಾಗ ಸಮಾಧಿಗೆ ಕಲ್ಲು ತರಲು ಗಂಡ ಹೆಂಡತಿ ತಾಂಡೂರಿಗೆ ಹೋಗಿದ್ದರು. ಬರುವಾಗ ಕಾಡಿನ ಇಳುಕಲಿನಲ್ಲಿ ಜೀಪಿನ ಹಿಂದಿನ ಟ್ರಾಲಿ ಮಗುಚಿ, ಕಲ್ಲು ಗಂಡನ ಮೇಲೆ ಬಿತ್ತು. ಜೀಪು ಓಡಿಸುತ್ತಿದ್ದ ಅಕ್ಕೋರು ಉಳಿದರು. ಕಲ್ಲು ಎರಡು ಹೋಳಾಯಿತು. ಅಂದಿನಿಂದ ಆ ಹೊಲದಲ್ಲಿ ತಂದೆಗೂ ಕಲ್ಲಿಲ್ಲ, ಪಕ್ಕದಲ್ಲಿ ಮಲಗಿದ ಮಗನಿಗೂ ಇಲ್ಲ.

ಬಸ್ಸುಗಳೆಲ್ಲ ನಿಂತುಹೋದ ಆ ದೊಡ್ಡ ಮುಷ್ಕರದ ದಿನಗಳಲ್ಲೇ ಊರಿನಿಂದ ಮೈದುನ ಮೋಟಾರ್ ಸೈಕಲ್ ಮೇಲೆ ಬಂದ. ಅಕ್ಕೋರ ಅತ್ತೆ, ಅವರು ಆಯಿ ಎನ್ನುತ್ತಿದ್ದ ಮುದುಕಿ, ಅನ್ನ ನೀರು ಬಿಟ್ಟಿದ್ದಳು. ಜೀವ ಗಂಟಲಲ್ಲಿ ನಿಂತಿತ್ತು. ಯಾರು ಹೋದರೂ ಒಂದೇ ಪ್ರಶ್ನೆ: ನನ್ನ ಮಗನ ಕಲ್ಲು ಬಂತೇನು?

"ಲಾರಿ ಇಲ್ಲ, ಟ್ರ್ಯಾಕ್ಟರ್‌ಗೆ ಡೀಸೆಲ್ ಇಲ್ಲ ವೈನಿ," ಎಂದ ಮೈದುನ. ಅವನ ಕಣ್ಣು ಅಂಗಳದ ಗಾಡಿಯ ಮೇಲಿತ್ತು.

ಅಕ್ಕೋರು ಮುಷ್ಕರಕ್ಕೆ ಮುಂಚೆಯೇ ಗಾಡಿಯ ಡೀಸೆಲ್ ಟಾಕಿ ತುಂಬಿಸಿಟ್ಟಿದ್ದರು. ಸ್ವಂತ ಬ್ರೇಕಿದ್ದ ಒಂದು ಟ್ರಾಲಿಯನ್ನು ವರ್ಕ್‌ಶಾಪಿನಲ್ಲಿ ಮಾಡಿಸಿ ಹಿತ್ತಲಲ್ಲಿ ನಿಲ್ಲಿಸಿದ್ದರು. ತಮ್ಮನ ಗಾಡಿ ಬಂದಂದಿನಿಂದ ಅವರು ಕಾಯುತ್ತಿದ್ದದ್ದು ಇದಕ್ಕೇ ಎಂದು ನನಗೆ ಆಗ ತಿಳಿಯಿತು.

"ನೀವೂ ಬರ್ರಿ ಸಾಹೇಬ್ರ. ಎಡಗಡೆ ಕನ್ನಡಿ ನೋಡಾಕ ಒಬ್ಬರು ಬೇಕು. ನಮ್ಮ ಮನಿತನದವರು ಅಲ್ಲದವರ ಬೇಕು."

ಹೆಂಡತಿ, "ಹೋಗ್ರಿ, ಇಲ್ಲಿ ಕೂತು ಫಿಕರ್ ಮಾಡೋದು ಅಲ್ಲೇ ಹೋಗಿ ಮಾಡ್ರಿ" ಎಂದು ಬುತ್ತಿ ಕಟ್ಟಿದಳು.

ಮರುದಿನ ಬೆಳಗ್ಗೆ ತಾಂಡೂರಿನ ಕಲ್ಲಿನ ಅಂಗಳ ಮುಟ್ಟಿದೆವು. ಎಲ್ಲೆಲ್ಲೂ ಬೂದು ನೀಲಿ ಹಾಸುಗಲ್ಲು, ನೀರು ಕುಡಿದು ಮಲಗಿದ ಎಮ್ಮೆಗಳ ಹಾಗೆ. ದಪ್ಪ, ಅಗಲದ ಒಂದು ಕಲ್ಲನ್ನು ಆರಿಸಿ ಟ್ರಾಲಿಗೆ ಏರಿಸಿದರು. ಅಕ್ಕೋರು ಅದನ್ನು ಗಾಲಿಗಿಂತ ಕೊಂಚ ಮುಂದಕ್ಕೆ ಸರಿಸಿ ಕೂಡಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಮನೆಯಿಂದ ತಂದ ಕಾಟಾದ ಮೇಲೆ ಟ್ರಾಲಿಯ ಮೂಗನ್ನು ಇಳಿಸಿ ಮುಳ್ಳು ನೋಡಿದರು. ಒಟ್ಟು ಭಾರದ ಹತ್ತನೇ ಒಂದು ಪಾಲು ಮೂಗಿನ ಮೇಲೆ ಇರಬೇಕು, ಅದು ಹುಕ್ಕಿನ ಮಿತಿಯೊಳಗೂ ಇರಬೇಕು. ಎರಡೂ ಸರಿ ಬಂತು.

ಅಷ್ಟರಲ್ಲಿ ಮೈದುನ ಟವೆಲ್ ಕೊಡವಿ ಟ್ರಾಲಿಯ ಬಾಲಕ್ಕೆ ಏರಲು ಹೋದ.

"ಇಳಿ."

"ವೈನಿ, ರೀತಿ ಅದ. ಕಲ್ಲು ಒಂಟಿ ಬರಬಾರದು. ಮನಿ ಗಂಡಮಗ ಕಲ್ಲಿನ ಹಿಂದ, ಅದಕ್ಕ ಮುಖ ಮಾಡಿ ಕೂಡಬೇಕು. ಬೆನ್ನು ತೋರಿಸಿ ಮುಂದ ಕೂಡಬಾರದು. ಆಯಿ ಮೊದಲ ಕೇಳೂದು ಇದನ್ನ."

"ಕಲ್ಲಿನ ಹಿಂದ ಇರಬೇಕು, ಮುಖ ಕಲ್ಲಿನ ಕಡೆ ಇರಬೇಕು. ಇಷ್ಟ ಅಲ್ಲೇನು? ಮೋಟಾರ್ ಸೈಕಲ್ ಮ್ಯಾಲೆ ಹಿಂದ ಬಾ. ನನ್ನ ಟ್ರಾಲಿ ಮ್ಯಾಲೆ ಒಂದು ಕಾಗಿ ಕೂತರೂ ನಾ ಗಾಡಿ ಬಿಡಂಗಿಲ್ಲ."

ಅವನು ಗೊಣಗುತ್ತಾ ಇಳಿದ. ಮುಖ್ಯ ರಸ್ತೆಗಳಲ್ಲೆಲ್ಲ ಟೈರು ಸುಡುತ್ತಿದ್ದರಂತೆ. ಉಳಿದದ್ದು ಕರ್ನಾಟಕದ ಗಡಿಯೊಳಗೆ ಹೊಕ್ಕು ಹೊರಡುವ ಕಾಡಿನ ದಾರಿ. ಅದೇ ದಾರಿ.

ಗಾಡಿಯೊಳಗೆ ತಂಪು, ಚರ್ಮದ ವಾಸನೆ, ಸದ್ದೇ ಇಲ್ಲ. ಗಡಿ ದಾಟಿದ ಮೇಲೆ ಅಕ್ಕೋರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಮಾತಾಡಿದರು. "ಅವತ್ತು ಅವರು ಬಾಲದಾಗ ಕೂತಿದ್ರು. ಗಾಲಿ ಹಿಂದ ಭಾರ ಹೆಚ್ಚಾದ್ರ ಮೂಗು ಏಳತದ. ಮೂಗು ಎದ್ದ ಟ್ರಾಲಿ ಇಳುಕಲಿನಾಗ ಬಾಲ ಬಡೀತದ, ನಾಯಿ ಬಡಿದಂಗ. ಕೆಟ್ಟದ್ದು ಇಂಜಿನ್ ಅಲ್ಲ, ಕಲ್ಲಲ್ಲ. ಕೂತ ಜಾಗ."

"ಇದು ನಿಮ್ಮ ಅತ್ತಿಯವರಿಗೆ…"

"ಹೇಳಿಲ್ಲ. ಹೇಳೂದೂ ಇಲ್ಲ. ಹಿಂದ ಕೂಡು ಅಂತ ಕಳಿಸಿದಾಕಿ ಆಯಿ. ಮಗನ್ನ ಕೊಂದದ್ದು ತನ್ನ ಮಾತು ಅಂತ ತಿಳದು ಸಾಯಬಾರದು. ಕಲ್ಲು ಮುಟ್ಟಬೇಕು, ರೀತಿ ತಪ್ಪಿಲ್ಲ ಅಂತ ಆಕಿ ನಂಬಬೇಕು. ಇಷ್ಟ ನನ್ನ ಕೆಲಸ."

ಇಳುಕಲು ಶುರುವಾಯಿತು. ಎರಡೂ ಕಡೆ ತೇಗ, ನಡುಹಗಲಿನ ಬಿಸಿಲು, ಒಂದು ಹಕ್ಕಿಯ ದನಿಯೂ ಇಲ್ಲ. ಮುಷ್ಕರದಿಂದ ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಮೊದಲು ನನ್ನ ಸೀಟು ಮೆಲ್ಲಗೆ ಎಡಕ್ಕೆ ವಾಲಿದ ಹಾಗಾಯಿತು. ಆಮೇಲೆ ಬಲಕ್ಕೆ. ಕನ್ನಡಿಯಲ್ಲಿ ನೋಡಿದೆ. ಟ್ರಾಲಿ ಬಾಲ ಬಡಿಯುತ್ತಿತ್ತು.

"ಅಕ್ಕೋರೆ!"

"ಚೀರಬ್ಯಾಡ್ರಿ." ಅವರು ಬ್ರೇಕ್ ತುಳಿಯಲಿಲ್ಲ. ಕಾಲನ್ನು ಎಕ್ಸಿಲರೇಟರಿನಿಂದ ತೆಗೆದು, ಸ್ಟೇರಿಂಗನ್ನು ನೇರವಾಗಿ ಹಿಡಿದು, ಗಾಡಿ ತಾನಾಗಿ ನಿಧಾನವಾಗಲು ಬಿಟ್ಟರು. ನಾನು ಗೊತ್ತಿದ್ದ ಎಲ್ಲ ದೇವರಿಗೂ ಕಂತು ಕಟ್ಟುತ್ತಿದ್ದೆ. ಇಳುಕಲಿನ ನಡುವೆ ಒಂದು ಸಣ್ಣ ಸೇತುವೆ, ಅಲ್ಲಿ ಸಮತಟ್ಟು. ಗಾಡಿ ನಿಂತಿತು. ಅವರ ಮುಖ ನೋಡಿದ ಮೇಲೆ ಇದು ಯಾವ ಜಾಗ ಎಂದು ಕೇಳಬೇಕಾಗಲಿಲ್ಲ.

ಇಳಿದು ಹೋಗಿ ನೋಡಿದೆವು. ಹಗ್ಗ ಬಿಗಿಯಾಗಿಯೇ ಇತ್ತು. ಸೀಮೆಸುಣ್ಣದ ಗೆರೆಯ ಮೇಲೆ ಕಲ್ಲು ಕೂದಲಿನಷ್ಟೂ ಕದಲಿರಲಿಲ್ಲ. ಟಯರಿನ ಗಾಳಿ ಸರಿ. ಆದರೆ ಟ್ರಾಲಿಯ ಬಾಲ ಕೆಳಗೆ ಕುಸಿದಿತ್ತು, ಮೂಗು ಮೇಲೆದ್ದಿತ್ತು.

ಮೋಟಾರ್ ಸೈಕಲ್ ಬಹಳ ಹಿಂದೆ ನಿಂತಿತ್ತು. ಮೈದುನ ಅದನ್ನು ತಳ್ಳಿಕೊಂಡು ಬಂದ. ಟ್ರಾಲಿಯ ಹತ್ತಿರ ಬರಲೊಲ್ಲ.

"ನಮಗ ಕೂಡಬ್ಯಾಡ ಅಂದಿರಿ. ಮತ್ತ ಯಾರನ್ನ ಹತ್ತಿಸಿಕೊಂಡ್ರಿ ವೈನಿ?"

"ಯಾರನ್ನ ಕಂಡಿ?"

"ಮುಖ ಕಾಣಲಿಲ್ಲ. ಕಲ್ಲಿನ ಕಡೆ ಮುಖ ಮಾಡಿ ಕೂತಿದ್ದ. ಬೆನ್ನಷ್ಟ ಕಾಣ್ತು. ಬಿಳಿ ಅಂಗಿ."

ಬಿಸಿಲಿಗೆ ಕಣ್ಣು ಮಂಜಾಗಿರಬೇಕು, ಸ್ಪ್ರಿಂಗು ಕೈಕೊಟ್ಟಿರಬೇಕು ಎಂದು ನಾನು ಏನೇನೋ ಬಡಬಡಿಸಿದೆ. ನನ್ನ ಕಚೇರಿಯಲ್ಲಿ ಎಲ್ಲ ಅಪಘಾತಕ್ಕೂ ಒಂದು ಕಾರಣದ ಕಾಲಂ ಇರುತ್ತದೆ, ಖಾಲಿ ಬಿಟ್ಟರೆ ಮೇಲಿನವರು ಒಪ್ಪುವುದಿಲ್ಲ. ಅಕ್ಕೋರು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಗಾಲಿ ಉರುಳದಂತೆ ರಸ್ತೆ ಬದಿಯ ಸಣ್ಣ ಕಲ್ಲು ಕೊಟ್ಟರು, ಟ್ರಾಲಿಯ ಮೂಗನ್ನು ಗುಂಡಿನಿಂದ ಬಿಡಿಸಿದರು, ಕಾಟಾ ತರಿಸಿ ಅದರ ಮೇಲೆ ಇಳಿಸಿದರು. ಮುಳ್ಳು ಬೆಳಗಿನ ಜಾಗಕ್ಕಿಂತ ಎಷ್ಟೋ ಕೆಳಗೆ, ಬಡವಾಗಿ ನಿಂತಿತ್ತು.

ಅವರು ಟ್ರಾಲಿಯ ಬಾಲದ ಕಡೆ ಹೋಗಿ ನಿಂತರು. ಸೆರಗನ್ನು ತಲೆಯ ಮೇಲೆ ಹೊದ್ದರು. ಶಾಲೆಯಲ್ಲಿ, ಓಣಿಯಲ್ಲಿ, ಚಳವಳಿಯ ಹುಡುಗರ ಮುಂದೆ ಒಮ್ಮೆಯೂ ಅವರು ತಲೆಗೆ ಸೆರಗು ಹೊದ್ದದ್ದನ್ನು ನಾನು ಕಂಡಿರಲಿಲ್ಲ.

"ಏನ್ರಿ," ಎಂದರು. ದನಿ ಮನೆಯೊಳಗೆ ಮಾತಾಡಿದಷ್ಟು ಮೆಲ್ಲಗಿತ್ತು. "ಅವತ್ತು ಕನ್ನಡಿಯಾಗ ನೋಡಿದೆ. ಕರೀಬೇಕು ಅಂತ ಬಾಯಿ ತೆರದೆ, ದನಿ ಬರಲಿಲ್ಲ. ಈಗ ಕರೀತೀನಿ. ಅಲ್ಲಿ ಕೂಡಬ್ಯಾಡ್ರಿ. ಮುಂದ ಬರ್ರಿ."

ಎಲೆ ಅಲುಗಾಡಲಿಲ್ಲ. ಟ್ರಾಲಿಯ ಹಲಗೆ ಒಂದು ಕಡೆಯಿಂದ ಸಣ್ಣಗೆ ಕಿರ್ರೆಂದಿತು, ಆಮೇಲೆ ಅದರ ಮುಂದಿನ ಹಲಗೆ, ಆಮೇಲೆ ಅದರ ಮುಂದಿನದು. ಕತ್ತಲ ಮನೆಯಲ್ಲಿ ಯಾರೋ ಗೋಡೆ ಹಿಡಿದು ನಡೆದ ಹಾಗೆ. ನಾನು ಕಾಟಾ ನೋಡುತ್ತಿದ್ದೆ, ನೋಡಬಾರದಿತ್ತು. ಮುಳ್ಳು ಮೆಲ್ಲನೆ ಏರಿತು. ಬೆಳಗ್ಗೆ ನಿಂತಿದ್ದ ಜಾಗಕ್ಕೆ ಬಂತು. ಅದನ್ನೂ ಸ್ವಲ್ಪ ದಾಟಿ ನಿಂತಿತು.

ಅಕ್ಕೋರು ಬಗ್ಗಿ ನೋಡಿದರು. "ಹುಕ್ಕಿನ ಮಿತಿಯೊಳಗ ಅದ," ಎಂದರು. "ನಡೀರಿ."

ಆಮೇಲೆ ಟ್ರಾಲಿ ಒಮ್ಮೆಯೂ ಅಲುಗಲಿಲ್ಲ. ಎಡಗಡೆಯ ಕನ್ನಡಿ ನೋಡುವ ಕೆಲಸ ನನ್ನದಾಗಿತ್ತು. ನಾನು ಜಹೀರಾಬಾದ್ ದಾಟುವವರೆಗೆ ನನ್ನ ಮೊಣಕಾಲು ನೋಡುತ್ತಾ ಕೂತೆ. ನಾರಾಯಣಖೇಡದ ಕಡೆ ಹೊರಳಿದ ಮೇಲೆ ಅಕ್ಕೋರು ನಡುನಡುವೆ ಕನ್ನಡಿಯ ಕಡೆ ಕಣ್ಣೆತ್ತಿ, ಬೆಳೆ ಹೇಗಿದೆ, ಯಾರ ಮನೆ ಬಿತ್ತು, ಯಾರು ಹೊಸದಾಗಿ ಬಾವಿ ತೋಡಿಸಿದರು ಎಂದು ಹೇಳುತ್ತಾ ಬಂದರು. ನನಗಲ್ಲ. ನಾನು ಆ ಊರಿನವರನ್ನು ಯಾರನ್ನೂ ಅರಿಯೆ.

ಊರು ಸೇರಿದಾಗ ಹೊತ್ತು ಇಳಿದಿತ್ತು. ಮಂದಿ ಬಂದು ಹಲಗೆ ಕೊಟ್ಟು ಕಲ್ಲನ್ನು ಇಳಿಸಿ, ಮುದುಕಿಗೆ ಕಾಣುವಂತೆ ಅಂಗಳದ ಗೋಡೆಗೆ ಆನಿಸಿದರು. ಆಯಿ ಪಡಸಾಲೆಯ ಹೊರಸಿನಲ್ಲಿ, ಹೊದಿಕೆಯೊಳಗೆ ಇದ್ದಾಳೋ ಇಲ್ಲವೋ ಎಂಬಷ್ಟು ಸಣ್ಣಗಾಗಿ ಮಲಗಿದ್ದಳು. ಕಣ್ಣು ಮಾತ್ರ ಹೊಳೆಯುತ್ತಿದ್ದವು. ಕಲ್ಲನ್ನು ಬಹಳ ಹೊತ್ತು ನೋಡಿದಳು.

"ಕಲ್ಲಿನ ಕೂಡ ಯಾರ ಕೂತಿದ್ರು?"

"ನಾ ಹಿಂದಿಂದನ ಬಂದೆ ಅವ್ವಾ, ಬೈಕ್ ಮ್ಯಾಲೆ," ಎಂದ ಮೈದುನ.

"ಬೈಕ್ ಮ್ಯಾಲೆ ಬಂದವ ಕೂತಂಗೇನು? ಟ್ರಾಲಿಯಾಗ ಯಾರ ಕೂತಿದ್ರು ಅಂದೆ."

ಅಕ್ಕೋರು ಹೊರಸಿನ ಪಕ್ಕ ಕುಳಿತು ಮುದುಕಿಯ ಕೈ ಹಿಡಿದುಕೊಂಡರು. ಇಷ್ಟು ವರ್ಷ ಬಾಯಿ ಬಿಡದೆ ಕಾಪಾಡಿದ್ದು ಈಗ ಒಂದು ಮಾತಿನಲ್ಲಿ ಹೋಗುತ್ತದೆ ಎಂದು ಹೆದರಿದೆ. ಸುಳ್ಳು ಹೇಳಿರಿ ಅಕ್ಕೋರೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅವರ ಕೂತಿದ್ರು ಆಯಿ," ಎಂದರು ಅಕ್ಕೋರು.

ಮುದುಕಿಗೆ ಆಶ್ಚರ್ಯವಾಗಲಿಲ್ಲ. "ಹಿಂದ?"

"ಮೊದಲ ಹಿಂದ. ಆಮ್ಯಾಲೆ ನಾ ಕರದೆ. ಮುಂದ ಬಂದ್ರು."

ಆಯಿ ಸೂರಿನ ಕಡೆ ನೋಡುತ್ತಾ ಮಲಗಿದ್ದಳು. ಆಮೇಲೆ, "ಹಿಂದ ಕೂಡು ಅಂತ ಕಳಿಸಿದಾಕಿ ನಾನ" ಎಂದಳು.

"ಆಯಿ, ಹಂಗಲ್ಲ…"

"ಸುಮ್ಕಿರು. ಎತ್ತಿನ ಗಾಡಿ ಹೊಡದ ಮನಿಯಾಕಿ ನಾ. ಹಿಂದ ಭಾರ ಆದ್ರ ನೊಗ ಏಳತದ ಅಂತ ನನಗ ತಿಳಿಯಂಗಿಲ್ಲೇನು? ಸುದ್ದಿ ಬಂದ ದಿನಾನ ತಿಳೀತು. ನೀ ಮುಚ್ಚಿಡಾಕ ಹತ್ತಿದಿ, ನಾನೂ ಮುಚ್ಚಿಟ್ಟೆ."

ಅಕ್ಕೋರು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಸದ್ದಿಲ್ಲದೆ, ಬಾಯಿ ತುಸು ತೆರೆದು, ಹೊದಿಕೆಯಲ್ಲಿ ಮುಖವಿಟ್ಟು ಅತ್ತರು. ಮುದುಕಿ ಅವರ ತಲೆಯ ಮೇಲೆ ಕೈ ಆಡಿಸುತ್ತಾ, ಬಾಗಿಲಾಚೆ ನಿಂತಿದ್ದ ಖಾಲಿ ಟ್ರಾಲಿಯನ್ನು ನೋಡುತ್ತಿದ್ದಳು.

"ಏಳವಾ," ಎಂದಳು ಕೊನೆಗೆ. "ಒಳಗ ಕರಿ ಅವನ್ನ. ಎಷ್ಟೊತ್ತು ಅಂಗಳದಾಗ ಕೂಡಿಸ್ತಿ?"

ಅಕ್ಕೋರು ಕಣ್ಣೊರೆಸಿಕೊಂಡು ಎದ್ದು ಅಂಗಳಕ್ಕೆ ಇಳಿದರು. ಅವರು ಏನೆಂದರೋ ನನಗೆ ಕೇಳಿಸಲಿಲ್ಲ. ಗಾಡಿಗೆ ಕಟ್ಟಿಯೇ ಇದ್ದ ಟ್ರಾಲಿ ನಿಟ್ಟುಸಿರಿನಂಥ ಒಂದು ಸದ್ದು ಮಾಡಿತು, ಆ ದುಬಾರಿ ಗಾಡಿಯ ಹಿಂಭಾಗ ನಾಲ್ಕು ಬೆರಳು ಮೇಲೆದ್ದಿತು. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಪಕ್ಕಕ್ಕೆ ಸರಿದು ಗೋಡೆಗೆ ಅಂಟಿಕೊಂಡು, ಹೊಟ್ಟೆಯನ್ನು ಒಳಗೆ ಎಳೆದುಕೊಂಡು ದಾರಿ ಬಿಟ್ಟೆ.